ಅತ್ತೆಯ ಬಿಗಿ ಅಳತೆ

ನಮ್ಮ ಸೋದರತ್ತೆ ಟೈಲರ್. ಕಣ್ಣು ತೆರೆದುಕೊಂಡೇ ಕನಸು ಕಾಣುವ ಹೆಂಗಸು. ಮಧ್ಯಾಹ್ನದ ಬಿಸಿಲು ಅಂಗಡಿಯ ಕಿಟಕಿಯಿಂದ ಇಳಿದು ಗಾಳಿಯಲ್ಲಿ ನೂಲಿನ ಧೂಳು ತೇಲತೊಡಗಿದರೆ, ಪೆಡಲಿನ ಮೇಲಿನ ಕಾಲು ತಾನಾಗಿ ನಿಂತುಬಿಡುತ್ತದೆ. ಅಂಥವಳಿಗೆ ಈ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯುವ ಹುಚ್ಚು ಹತ್ತಿತು. ಬಟ್ಟೆ ಸಿದ್ಧವಾದ ಕೂಡಲೇ ಗಿರಾಕಿಗೆ ಇಮೇಲ್ ಹೋಗಬೇಕಂತೆ. ಕಲಿಸುವ ಕರ್ಮ ನನ್ನ ಪಾಲಿಗೆ ಬಂತು.

ಮೊದಲ ಪಾಠ, ಬರೆದ ಇಮೇಲ್ ವಿಳಾಸ ಸರಿಯಾದ ರೂಪದಲ್ಲಿದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂ. "ನಡುವೆ ಈ ಬಸವನಹುಳ ಇರ್ಬೇಕು ತಾನೆ?" ಎಂದು @ ಗುರುತಿನ ಮೇಲೆ ಬೆರಳಿಟ್ಟಳು. ಉಳಿದ ನಿಯಮ ಟೈಲರ್ ಬುದ್ಧಿಯದು. ಎದುರಿಗಿದ್ದ ಪಟ್ಟಿಯಲ್ಲಿನ ಗಿರಾಕಿಗಳ ವಿಳಾಸಗಳ ಅಳತೆ ತೆಗೆದು ಅಷ್ಟಕ್ಕೇ ಕತ್ತರಿಸಿದಳು: ಬಸವನಹುಳದ ಆಚೆ ಒಂದೇ ಚುಕ್ಕಿ, ಅದರಾಚೆ ಮೂರೇ ಅಕ್ಷರ. ಎಲ್ಲರ ವಿಳಾಸಕ್ಕೂ ಪರದೆ "ಸರಿ" ಎಂದಿತು. ಅವಳ ಮುಖ ನೋಡಬೇಕಿತ್ತು!

ಆಮೇಲೆ ಯಾರೂ ಹೇಳದೆಯೇ ಇನ್ನೊಂದು ವಿಳಾಸ ಒತ್ತಿದಳು. ಅವಳ ಅಕ್ಕನದು, ಅಂದರೆ ನನ್ನ ದೊಡ್ಡತ್ತೆಯದು. ಅಜ್ಜಿಯ ಹೊಲಿಗೆ ಮೆಷಿನ್ ಯಾರಿಗೆ ಎಂಬ ಮಾತಿಗೆ ಇಬ್ಬರೂ ಹಾವು ಮುಂಗುಸಿಯಾಗಿ ಎಷ್ಟೋ ವರ್ಷವಾಗಿತ್ತು. ಫೋನ್ ಮಾಡು ಎಂದರೆ, ದನಿ ಕೇಳಿದರೆ ಮತ್ತೆ ಜಗಳವೇ ಎನ್ನುತ್ತಿದ್ದಳು. ದೊಡ್ಡತ್ತೆಯದು ಆಫೀಸಿನ ವಿಳಾಸ, ಕೊನೆಯಲ್ಲಿ .co.in ಎಂದು ಎರಡು ಚುಕ್ಕಿ. ಪರದೆ "ತಪ್ಪು" ಎಂದಿತು.

"ನೋಡು, ಇದಕ್ಕೂ ಬೇಡ್ವಂತೆ. ಹಣೇಲಿ ಬರ್ದಿಲ್ಲ ಬಿಡು," ಎಂದು ಅತ್ತೆ ಕುರ್ಚಿ ಹಿಂದೆ ಸರಿಸಿದಳು.

ನನಗೆ ರೇಗಿತು. "ಹಣೆಬರಹ ಅಲ್ಲ ಅತ್ತೆ, ನೀನೇ ಬಿಗಿಯಾಗಿ ಕತ್ತರಿಸಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಬಿಚ್ಚಿ ಸ್ವಲ್ಪ ಸಡಿಲ ಮಾಡು."

ಮಾಡಿದಳು. "ಸರಿ" ಬಂತು. ಬಹಳ ಹೊತ್ತು ಆ ಪದವನ್ನೇ ನೋಡಿ, ಎಲ್ಲೋ ದೂರದಿಂದ ಎಂಬಂತೆ ಕೇಳಿದಳು: "ಹಂಗಾದ್ರೆ ಅಕ್ಕ ಅಲ್ಲಿದ್ದಾಳಾ?"

"ಅದು ಇದಕ್ಕೆ ಗೊತ್ತಾಗಲ್ಲ. ರೂಪ ಮಾತ್ರ ನೋಡುತ್ತೆ. ಇದ್ದಾಳಾ ಇಲ್ವಾ ಅಂತ ಕಳಿಸಿಯೇ ನೋಡ್ಬೇಕು."

ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತು. ಅತ್ತೆ ಒಂದೇ ಸಾಲು ಬರೆದು ಕಳಿಸಿದಳು: "ನಾನು. ಇದ್ದೀಯಾ?"

ಮರುದಿನವೆಲ್ಲ ಸೂಜಿಗೆ ದಾರ ಪೋಣಿಸಿದಳೇ ಹೊರತು ಹೊಲಿಯಲಿಲ್ಲ. ಕೂತಲ್ಲೇ ತೂಕಡಿಸಿದಾಗ ಕಂಡ ಕನಸಿನಲ್ಲಿ, ಬಸವನಹುಳವೊಂದು ಅವಳ ಮಾತನ್ನು ಹೊತ್ತು ಖಾಲಿ ಬೀದಿಗಳಲ್ಲಿ ಮೆಲ್ಲಗೆ ಹೋಗುತ್ತಿತ್ತಂತೆ. ಮನೆಗಳಿಗೆ ಬಾಗಿಲೇ ಇರಲಿಲ್ಲವಂತೆ. ನನಗೆ ಭಯವಾಯಿತು. ಉತ್ತರ ಬಾರದಿದ್ದರೆ ಇವಳು ಇನ್ನೊಮ್ಮೆ ಬರೆಯುವವಳಲ್ಲ.

ಅದರ ಮರುದಿನ ಮಧ್ಯಾಹ್ನ ಉತ್ತರ ಬಂತು: "ಇದ್ದೀನಿ. ಊಟ ಆಯ್ತಾ?"

ಅತ್ತೆಯ ಕಣ್ಣು ತುಂಬಿ ಹರಿಯಿತು. ಅವಳಿಗೆ ಅಕ್ಷರ ಕಾಣುವಂತಿರಲಿಲ್ಲ. "ಆಯ್ತು ಅಂತ ನಾನೇ ಬರೀಲಾ?" ಎಂದು ಕೈ ಮುಂದೆ ಮಾಡಿದೆ. ಅವಳು ಕೈ ತಡೆದಳು.

"ತಾಳು, ಇನ್ನೂ ಉಂಡಿಲ್ಲ. ಇಷ್ಟು ವರ್ಷ ಆದ್ಮೇಲೆ ಮೊದಲನೇ ಮಾತೇ ಸುಳ್ಳಾಗ್ಬಾರ್ದು."

ಅಂಗಡಿಯ ಹಿಂದಿನ ಅಡುಗೆಮನೆಗೆ ಹೋಗಿ, ತಟ್ಟೆ ಹಾಕಿಕೊಂಡು ಊಟಕ್ಕೆ ಕೂತಳು.