ಎಳೆದರೂ ಕೈಗೆ ಬಾರದ ಜಡೆ

ಕಳೆದ ಭಾನುವಾರ ದೇವದುರ್ಗದಲ್ಲಿ ಒಬ್ಬಳು ನನ್ನ ಜಡೆ ಎಳೆದಳು. ಮೆಲ್ಲಗಲ್ಲ, ಜೋರಾಗಿ. ಅದೂ ತುಂಬಿದ ಮನೆಯಲ್ಲಿ, ಬೀಗರು ಬಿಜ್ಜರು ಎಲ್ಲರ ಎದುರು. ನೋವಿಗೆ ಕಣ್ಣಲ್ಲಿ ನೀರು ಬಂತು. ನಾನು ನಕ್ಕೆ.

ಈಕೆಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಒಂದು ಎಳೆತಕ್ಕಾಗಿ ನಾನು ಎರಡು ವರ್ಷ ತಯಾರಿ ನಡೆಸಿದ್ದೆ.

ಎಳೆದವಳು ಸವಿತಾ, ನನ್ನ ಗಂಡನ ತಂಗಿ. ಅವಳು ಮೊದಲ ಸಲ ನನ್ನ ಜಡೆಗೆ ಕೈ ಹಾಕಿದ್ದು ಹದಿನೆಂಟು ವರ್ಷದ ಹಿಂದೆ, ನನ್ನ ಮದುವೆಯ ಮರುದಿನ, ಇದೇ ದೇವದುರ್ಗದ ಮನೆಯಲ್ಲಿ. ಉರುಟಣೆ ನಡೆದಿತ್ತು. ಮದುಮಕ್ಕಳನ್ನು ಎದುರುಬದುರು ಕೂರಿಸಿ, ಹಾಡು ಹೇಳಿಸಿ, ಆಟ ಆಡಿಸಿ, ಮನಸಾರೆ ಕಾಡುವ ಕಾರ್ಯಕ್ರಮ ಅದು. ಆಗ ಕಾಲೇಜು ಓದುತ್ತಿದ್ದ ಸವಿತಾ ಹಿಂದಿನಿಂದ ಬಂದು, "ವೈನಿ, ಇಷ್ಟು ಉದ್ದ ಜಡಿ ಖರೇನ ನಿಮ್ದ?" ಎಂದು ಎಳೆದೇಬಿಟ್ಟಳು.

ಖರೆ ನನ್ನದಾಗಿರಲಿಲ್ಲ. ನನ್ನ ಸ್ವಂತ ಕೂದಲು ಬೆನ್ನಿನ ನಡುವಿಗೇ ಮುಗಿದುಹೋಗುತ್ತಿತ್ತು. ಅದರ ಕೆಳಗಿನದೆಲ್ಲ ಮಾನ್ವಿಯಲ್ಲಿ ನನ್ನ ಅವ್ವ ಸೇರಿಸಿ ಹೆಣೆದು ಕಳಿಸಿದ ಚೌರಿ, ಅಂದರೆ ಅಂಗಡಿಯ ಕೂದಲು. ಅದು ಹೂವಿನ ಸಮೇತ ಸವಿತಾಳ ಕೈಗೆ ಬಂತು. ಅವಳು ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದಳು. ಮನೆಗೆ ಮನೆಯೇ ನಕ್ಕಿತು. ನಾನು ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದೆ.

ಅಂದಿನಿಂದ ನನಗೆ "ಚೌರಿ ವೈನಿ" ಎಂದು ಹೆಸರು. ವೈನಿ ಅಂದರೆ ಅತ್ತಿಗೆ. ಮದುವೆ ಇರಲಿ, ಬಸುರಿಯ ಕುಬಸ ಇರಲಿ, ಊಟದ ಪಂಕ್ತಿಯಲ್ಲಿ ಯಾರಾದರೂ ಒಬ್ಬರು ಅದನ್ನು ಎತ್ತುವವರೇ. ಗಂಡನಿಗೆ ಹೇಳಿದರೆ, "ಚ್ಯಾಷ್ಟಿ ಮಾಡ್ತಾರ, ಮನಸ್ಸಿಗೆ ಹಚ್ಕೋಬ್ಯಾಡ" ಅನ್ನುತ್ತಿದ್ದರು. (ಅವರ ತಲೆ ಮೂವತ್ತೈದಕ್ಕೇ ಬೋಳಾಯಿತು. ಅವರಿಗೆ ಯಾರೂ ಹೆಸರಿಡಲಿಲ್ಲ. ಗಮನಿಸಿ.)

ನಾನು ಮನಸ್ಸಿಗೆ ಹಚ್ಚಿಕೊಂಡೆ. ಕೂದಲು ಬೆಳೆಸಲು ಏನೆಲ್ಲ ಮಾಡಲಿಲ್ಲ? ಮೆಂತ್ಯ ಅರೆದೆ. ದಾಸವಾಳ ಕುದಿಸಿದೆ. ಈರುಳ್ಳಿ ರಸ ಹಚ್ಚಿಕೊಂಡು ಬಸ್ಸು ಹತ್ತಿ ಪಕ್ಕದ ಸೀಟು ಖಾಲಿ ಮಾಡಿಸಿದೆ. ಯೂಟ್ಯೂಬ್ ಹೇಳಿತೆಂದು ಅಕ್ಕಿ ತೊಳೆದ ನೀರನ್ನೂ ಸುರಿದುಕೊಂಡೆ. ಎಲ್ಲವೂ ನೆತ್ತಿಗೇ. ಕೂದಲು ಮಾತ್ರ ಬೆನ್ನಿನ ನಡುವಿಗೆ ಬಂದು ನಿಂತುಬಿಡುತ್ತಿತ್ತು. ಮಾನ್ವಿಗೆ ಫೋನ್ ಹಚ್ಚಿದರೆ ಅವ್ವ, "ನಿನ್ನ ಹಣೇಬರದಾಗ ಅಷ್ಟ ಬರದದ, ಸುಮ್ಮಿರು" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದಿನ ಮಾತು. ಸವಿತಾಳ ಮಗನ ಮುಂಜಿವಿಯನ್ನು, ಅಂದರೆ ಉಪನಯನವನ್ನು, ಇನ್ನೆರಡು ವರ್ಷಕ್ಕೆ ದೇವದುರ್ಗದ ಅವಳ ತವರಲ್ಲೇ ಇಟ್ಟುಕೊಳ್ಳುವುದೆಂದು ಮನೆಯಲ್ಲಿ ಮಾತಾಯಿತು. ಸೋದರಮಾವನ ಹೆಂಡತಿ ನಾನು. ಮುಂದೆಯೇ ಕೂರಬೇಕು. ಮತ್ತದೇ ಮನೆ, ಅದೇ ಜನ, ಅದೇ ನಗು. ಈ ಸಲ ಚೌರಿ ಮುಟ್ಟುವುದಿಲ್ಲ, ಸ್ವಂತ ಜಡೆಯಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದೆ. ಹಟವೇನೋ ಬಂತು, ಜಡೆ ಎಲ್ಲಿಂದ ಬರಬೇಕು?

ಅದೇ ವಾರ ರಾಯಚೂರಿನ ನಮ್ಮ ಓಣಿಯಲ್ಲಿ ಸಣ್ಣ ಪಾರ್ಲರ್ ನಡೆಸುವ ನಸ್ರೀನ್ ಹತ್ತಿರ ಡೈ ಹಚ್ಚಿಸಿಕೊಳ್ಳಲು ಹೋದೆ. ಅವಳು ನನ್ನ ಬೈತಲೆ ಬಿಡಿಸಿ, ಬುಡದ ಬಿಳಿ ಕೂದಲಿನ ಪಕ್ಕ ತನ್ನ ಬೆರಳಿಟ್ಟು ಅಳೆದಳು.

"ಟೀಚರ್, ಹಿಂದಿನ ಸಲ ಡೈ ಹಚ್ಚಿ ಎಷ್ಟು ದಿನ ಆತು?"

"ಆರು ತಿಂಗಳು."

"ಬುಡಕ್ಕ ನಾಲ್ಕು ಬೆರಳು ಬೆಳ್ಳಗ ಅದ. ಅಂದ್ರ ನಾಲ್ಕು ಬೆರಳು ಬೆಳದದ. ಹೌದಿಲ್ಲ?"

"ಹೌದು."

"ಮತ್ತ ಉದ್ದ ಆಗ ಎಷ್ಟಿತ್ತೋ ಈಗೂ ಅಷ್ಟ ಅದ. ಆ ನಾಲ್ಕು ಬೆರಳು ಎಲ್ಲಿ ಹೋತ್ರಿ?"

ಈ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಬೇಕಿತ್ತು. ಕಲ್ಮಲದ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು. ಸಂಬಳ ಅದಕ್ಕೇ ಬರುತ್ತದೆ.

ನಸ್ರೀನ್ ನನ್ನ ಕೂದಲಿನ ತುದಿಯನ್ನು ಮುಂದೆ ತಂದು ಕೈಯಲ್ಲಿಟ್ಟಳು. "ಬೆಳೀವಲ್ದು, ಬೆಳೀವಲ್ದು ಅಂತೀರಿ. ಮ್ಯಾಲ ಬೆಳೀತದರಿ. ಕೆಳಗ ನೀವೇ ಮುರದು ಒಗ್ಯಾಕತ್ತೀರಿ."

ಮರುದಿನ ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಕಾಗದದಲ್ಲಿ ಕಟ್ಟಿಕೊಂಡು ಶಾಲೆಗೆ ಹೋದೆ. ಬುಡದಿಂದ ಉದುರಿದ ಕೂದಲಿನ ಒಂದು ಕೊನೆಗೆ ಸಣ್ಣ ಬಿಳಿ ಗಂಟು ಇರುತ್ತದೆ. ನನ್ನವಕ್ಕೆ ಗಂಟೇ ಇಲ್ಲ. ಬಹುಪಾಲು ಬೆರಳುದ್ದದ ತುಂಡುಗಳು. ಒಂದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಸಾಲುಗಟ್ಟಿ ನಿಂತ ಎಂಟನೇ ಕ್ಲಾಸಿನವರಲ್ಲಿ ಒಬ್ಬಳು ಕಣ್ಣಿಟ್ಟು ನೋಡಿ, "ಟೀಚರ್, ಇದು ಸವದ ಬಾರಿಗಿ ಹಂಗ ಅದ ರೀ" ಅಂದಳು. ಆ ಪೊರಕೆ ಯಾರ ಕೂದಲೆಂದು ನಾನು ಹೇಳಲಿಲ್ಲ.

ಹೇಗೆ ಮುರಿಯುತ್ತಿದ್ದೆ ಎಂದು ಯೋಚಿಸಿದರೆ ನಾಚಿಕೆಯಾಗುತ್ತದೆ. ಮಾನ್ವಿಯಲ್ಲಿ ಪ್ರತಿ ಶುಕ್ರವಾರ ಎರೆದುಕೊಂಡ ಮೇಲೆ ಅವ್ವ ನನ್ನನ್ನು ಅಂಗಳದಲ್ಲಿ ಬಗ್ಗಿಸಿ ನಿಲ್ಲಿಸಿ, ಒದ್ದೆ ಕೂದಲನ್ನು ತೆಳ್ಳನೆಯ ಟವೆಲಿನಿಂದ ಫಟಫಟ ಬಡಿಯುತ್ತಿದ್ದಳು. ನೀರು ಬೇಗ ಹಾರಲಿ ಎಂದು. ನಿಮ್ಮ ಮನೆಯಲ್ಲೂ ಬಡಿಯುತ್ತಾರೆ, ಇಲ್ಲ ಅನ್ನಬೇಡಿ. ಒದ್ದೆಯಾದ ಕೂದಲು ಮೆತ್ತಗಿರುತ್ತದೆ, ಎಳೆದರೆ, ಬಡಿದರೆ ತುಂಡಾಗುತ್ತದೆ. ಆ ಬಡಿತವನ್ನು ನಾನು ಮದುವೆಯಾದ ಮೇಲೂ ಶ್ರದ್ಧೆಯಿಂದ ಮುಂದುವರಿಸಿದ್ದೆ!

ಇನ್ನು ಬಸ್ಸು. ದಿನಾ ಕಲ್ಮಲಕ್ಕೆ ಹೋಗಿ ಬರುವಾಗ ಜಡೆ ಸೀಟಿನ ಕಬ್ಬಿಣಕ್ಕೆ ಉಜ್ಜುತ್ತಿತ್ತು, ಕಿಟಕಿಯ ಬಿಸಿಗಾಳಿಗೆ ಒಣಗುತ್ತಿತ್ತು. ಮನೆಗೆ ಬಂದರೆ ಉಪ್ಪುಪ್ಪು ಬೋರ್ ನೀರು. ಬಿಗಿಯಾಗಿ ಸುತ್ತಿದ ರಬ್ಬರ್ ಬ್ಯಾಂಡು. ಅದನ್ನು ಕಿತ್ತಾಗ ಜೊತೆಗೆ ಬರುವ ನಾಲ್ಕಾರು ಎಳೆ. ತುದಿ ಅಂದರೆ ಕೂದಲಿನ ಎಲ್ಲಕ್ಕಿಂತ ಹಳೆಯ ಭಾಗ. ಬೆನ್ನಿನ ನಡುವಿಗೆ ಇಳಿದ ತುದಿ ತಲೆಯಿಂದ ಹೊರಟು ನಾಲ್ಕು ವರ್ಷವಾಗಿರುತ್ತದೆ. ನಾಲ್ಕು ಬೇಸಿಗೆಯ ರಾಯಚೂರು ಬಿಸಿಲು ಕಂಡದ್ದಕ್ಕೆ ಒಂದು ಹನಿ ಎಣ್ಣೆ ಇಲ್ಲ, ಎಣ್ಣೆಯೆಲ್ಲ ಈಗಷ್ಟೇ ಹುಟ್ಟಿದ ಬುಡಕ್ಕೆ. ಇದು ಯಾವ ನ್ಯಾಯ?

ನಸ್ರೀನ್ ಮೊದಲು ಹೇಳಿದ್ದೇ ತುದಿ ಕತ್ತರಿಸಬೇಕು ಎಂದು. ಎರಡು ಬೆರಳು. ಸೀಳಿದ್ದನ್ನು ಹಾಗೇ ಬಿಟ್ಟರೆ ಸೀಳು ಮೇಲಕ್ಕೆ ಏರುತ್ತದಂತೆ. ಉದ್ದ ಬೇಕೆಂದು ಬಂದವಳಿಗೆ ಕತ್ತರಿಯೇ? ಅವ್ವನಂತೂ ಫೋನಿನಲ್ಲೇ ಕೂಗಾಡಿದಳು. "ಹೆಣ್ಮಕ್ಕಳ ಕೂದಲಿಗೆ ಕತ್ತರಿ ತೋರಸ್ತಾರೇನು? ಇದ್ದದ್ದನ್ನೂ ಕಳಕೊಂಡು ಕುಂದರ್ತಿ ನೋಡು." ನಾನು ಕಣ್ಣು ಮುಚ್ಚಿ ಕೂತೆ. ನಸ್ರೀನ್ ಕತ್ತರಿಸಿದಳು. (ಗಂಡನಿಗೆ ಇದು ಇವತ್ತಿನವರೆಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾದೀತು.)

ಆಮೇಲಿನದೆಲ್ಲ ಸಣ್ಣಪುಟ್ಟ ಕೆಲಸ, ಆದರೆ ದಿನಾ ಮಾಡಬೇಕಾದ ಕೆಲಸ. ಟವೆಲಿನ ಬಡಿತ ಬಂದ್. ಹಳೆಯ ಕಾಟನ್ ಟೀಶರ್ಟಿನಲ್ಲಿ ಮೆತ್ತಗೆ ಒತ್ತಿ ನೀರು ತೆಗೆಯುವುದು. ಸಿಕ್ಕನ್ನು ಮೇಲಿನಿಂದ ಜಗ್ಗದೆ, ಅಗಲ ಹಲ್ಲಿನ ಬಾಚಣಿಗೆಯಿಂದ ಕೆಳಗಿನಿಂದ ಬಿಡಿಸುತ್ತ ಬರುವುದು. ಕೊನೆಯ ಎರಡು ತಂಬಿಗೆ ಫಿಲ್ಟರ್ ನೀರು. ಅಂಗೈಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ತುದಿಗೆ ಮಾತ್ರ. ರಬ್ಬರಿನ ಬದಲು ಬಟ್ಟೆಯ ಬ್ಯಾಂಡು, ಬಸ್ಸಿನಲ್ಲಿ ತುರುಬು. ಮೂರು ತಿಂಗಳಿಗೊಮ್ಮೆ ನಸ್ರೀನಳ ಕತ್ತರಿ, ಈಗ ಅರ್ಧ ಬೆರಳಿಗಿಂತ ಹೆಚ್ಚಿಲ್ಲ.

ಮೊದಲ ಆರು ತಿಂಗಳು ಏನೂ ಕಾಣಲಿಲ್ಲ. ಬಿಟ್ಟುಬಿಡೋಣ ಅಂತ ಎಷ್ಟು ಸಲ ಅನ್ನಿಸಿತೋ. ಆಮೇಲೊಂದು ದಿನ ಕೂದಲು ರವಿಕೆಯ ಅಂಚು ದಾಟಿತ್ತು. ಅದರ ಮುಂದಿನ ಬೇಸಿಗೆಗೆ ಸೊಂಟ ಮುಟ್ಟಿತು. ನಾನು ಬಚ್ಚಲಿನಲ್ಲಿ ಒಬ್ಬಳೇ ನಿಂತು ಅತ್ತೆ. ದೇವದುರ್ಗಕ್ಕೆ ಹೋದಾಗಲೆಲ್ಲ ಮಾತ್ರ ತುರುಬು ಕಟ್ಟಿಕೊಂಡೇ ಹೋದೆ. ಯಾರಿಗೂ ಸುಳಿವು ಕೊಡಲಿಲ್ಲ.

ಭಾನುವಾರ ಜಡೆ ಬಿಟ್ಟೆ. ತುದಿಯವರೆಗೂ ದಪ್ಪ, ಸೊಂಟ ಮುಟ್ಟಿದ ಜಡೆ. ಮುಂಜಿವಿಯ ಗಡಿಬಿಡಿಯಲ್ಲೂ ಸವಿತಾಳ ಕಣ್ಣು ಬಿತ್ತು. "ಚೌರಿ ವೈನಿ ಈ ಸಲ ಭಾರಿ ಉದ್ದಂದು ತಂದಾರ ನೋಡ್ರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಮೂಲೆಯಲ್ಲಿ ಕೂತಿದ್ದ ನಮ್ಮ ಮಾವನವರ ಅಕ್ಕ, "ಏ ಸವಿತಾ, ಬಿಡು. ಇನ್ನ ಜಗ್ಗಿದ್ರ ವೈನಿ ತಲಿನ ಬರ್ತದ" ಅಂದರು. ಮನೆ ಮತ್ತೆ ನಕ್ಕಿತು. ಈ ಸಲ ನಾನೂ ಅವರ ಜೊತೆ ನಕ್ಕೆ.

ಮಧ್ಯಾಹ್ನ ಊಟವಾದ ಮೇಲೆ ಸವಿತಾ ನನ್ನನ್ನು ಮೇಲಿನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ತನ್ನ ಜಡೆ ಬಿಚ್ಚಿ ತೋರಿಸಿದಳು. ಮೇಲೆ ದಟ್ಟವಾಗಿದೆ, ಕೆಳಗೆ ಇಲಿಬಾಲ. "ವೈನಿ, ಭಾಳ ಉದರಾಕತ್ತದ. ಯಾವ ಎಣ್ಣಿ ಹಚ್ತೀರಿ, ನನಗಷ್ಟು ಹೇಳ್ರಿ."

ಹೇಳಬಹುದಿತ್ತು. ಅಲ್ಲೇ, ಮೆಲ್ಲಗೆ, ಇಬ್ಬರ ನಡುವೆ. ನಾನು ಅಂದೆ: "ಹೇಳ್ತೀನವ್ವಾ. ಕೆಳಗ ನಡಿ. ಎಲ್ಲರ ಮುಂದ ಕೇಳು."

ಅವಳ ಮುಖ ಕೆಂಪಗಾಯಿತು. ಆಮೇಲೆ ಏನನ್ನಿಸಿತೋ, ಕೂದಲು ಬಿಚ್ಚಿಕೊಂಡೇ ಮೆಟ್ಟಿಲಿಳಿದು ಪಡಸಾಲೆಯಲ್ಲಿ ಕೂತಿದ್ದ ಹೆಂಗಸರ ನಡುವೆ ನಿಂತು, "ವೈನಿ, ಅವತ್ತು ಎಲ್ಲಾರೂ ನಿಮ್ಮನ್ನ ನೋಡಿ ನಗೋ ಹಂಗ ಮಾಡಿಬಿಟ್ಟೆ, ತಪ್ಪಾತು. ನನಗೂ ಕಲಸ್ರಿ" ಅಂದಳು. ನಾನು ಕತ್ತರಿ ತರಿಸಿ, ಅವಳನ್ನು ಮುಂದೆ ಕೂರಿಸಿಕೊಂಡು, ಎಲ್ಲರೂ ನೋಡುತ್ತಿರುವಾಗ ಅವಳ ತುದಿಯನ್ನು ಎರಡು ಬೆರಳು ಕತ್ತರಿಸಿದೆ.

ಸ್ವಲ್ಪ ದೊಡ್ಡ ಮನಸ್ಸು ಮಾಡಬಹುದಿತ್ತು ಅನ್ನುತ್ತೀರಾ? ನಿಮಗೆ ಹದಿನೆಂಟು ವರ್ಷ ಯಾರಾದರೂ ಅಡ್ಡಹೆಸರಿಟ್ಟು ಕರೆದಿದ್ದಾರೆಯೇ?