ಹನ್ನೊಂದು ಮೊಲಗಳ ಬಿಡುಗಡೆ

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ವಾಜಿದ್ ಸಾಹೇಬರ ಸಾಮ್ರಾಜ್ಯವಿದೆ. ಉದ್ದ ಹತ್ತಡಿ, ಅಗಲ ಏಳಡಿ. ಪ್ರಜೆಗಳೆಂದರೆ ಬಣ್ಣದ ಮೀನುಗಳು, ಲವ್ ಬರ್ಡ್ಸ್ ಮತ್ತು ಹನ್ನೊಂದು ಬಿಳಿ ಮೊಲಗಳು. ಇಪ್ಪತ್ತಾರು ವರ್ಷದಿಂದ ಅವರು ಅದನ್ನು ಕಾಪಾಡಿಕೊಂಡು ಬಂದಿರುವುದು ಅನುಮಾನವೆಂಬ ಒಂದೇ ಆಯುಧದಿಂದ. ಪಕ್ಕದಂಗಡಿಯ ಬೆಕ್ಕು ಕುಡಿದು ಬದುಕಿದ ಮೇಲೆಯೇ ಹಾಲು ಅವರ ಚಹಾ ಸೇರುತ್ತದೆ. ಗಿರಾಕಿ ನಕ್ಕರೆ ಗಿರಾಕಿಯ ಒಂದು ಕೈ ನೋಡುತ್ತಾರೆ. ನಗದಿದ್ದರೆ ಎರಡೂ ಕೈ ನೋಡುತ್ತಾರೆ.

ಅಂಥವರ ಅಂಗಡಿಗೆ ಕಳೆದ ವರ್ಷ ದೊಮ್ಮಲೂರಿನ ಅಂಬುಜಾ ಮೇಡಂ ಬರತೊಡಗಿದರು. ವಿಮಾ ಕಚೇರಿಯಿಂದ ನಿವೃತ್ತರಾಗಿ ಮಕ್ಕಳ ಕಾದಂಬರಿ ಬರೆಯಲು ಕೂತವರು. ಮೂರು ವಾರ ಬಂದರೂ ಏನೂ ಕೊಳ್ಳಲಿಲ್ಲ. ಮೊಲದ ಪಂಜರದ ಮುಂದೆ ಸ್ಟೂಲು ಹಾಕಿಕೊಂಡು, ಇವುಗಳಲ್ಲಿ ಯಜಮಾನ ಯಾರು, ಚಿಲಕವನ್ನು ಹಲ್ಲಿನಿಂದ ತೆಗೆಯಬಹುದೇ, ನೀವು ನಮಾಜಿಗೆ ಹೋದಾಗ ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಕೇಳಿ ಬರೆದುಕೊಂಡರು. ಕಾದಂಬರಿಯ ವಿಷಯ ಹೇಳಿದರೂ ವಾಜಿದ್ ನಂಬಲಿಲ್ಲ. ಮಕ್ಕಳ ಕತೆಗೆ ನಮಾಜಿನ ವೇಳೆ ಏಕೆ?

ಕೆಲವು ತಿಂಗಳ ಮೇಲೆ ಮೇಡಂ ಒಂದು ಕಾರ್ಡು ತಂದುಕೊಟ್ಟರು. ವಾಜಿದ್ ಅಕ್ಷರ ಕೂಡಿಸಿ ಓದಿದರು: ‘ಪಂಜರದ ಹನ್ನೊಂದು ಮೊಲಗಳು. ಬಿಡುಗಡೆ: ಭಾನುವಾರ ಬೆಳಗ್ಗೆ ಹತ್ತೂವರೆಗೆ. ಮಕ್ಕಳೊಂದಿಗೆ ತಪ್ಪದೆ ಬನ್ನಿ.’

ಸಿನಿಮಾ ರಿಲೀಸ್ ಆಗುತ್ತದೆಂದು ವಾಜಿದ್‌ಗೆ ಗೊತ್ತಿತ್ತು. ‘ಬಿಡುಗಡೆ’ಯನ್ನು ಮಾತ್ರ ಅವರು ಜೈಲಿನ ಸುದ್ದಿಯಲ್ಲಷ್ಟೇ ಕೇಳಿದ್ದರು. ಪುಸ್ತಕಕ್ಕೂ ಅದು ಆಗುತ್ತದೆಂದು ಯಾರೂ ಹೇಳಿರಲಿಲ್ಲ. ಲೂಟಿಯ ಗಳಿಗೆಯನ್ನು ಅಚ್ಚು ಹಾಕಿಸಿ ಮಾಲೀಕನಿಗೇ ಆಮಂತ್ರಣ ಕೊಡುವ ಧೈರ್ಯ ಕಂಡು ಅವರಿಗೆ ಸಿಟ್ಟಿಗಿಂತ ಬೆರಗೇ ಹೆಚ್ಚಾಯಿತು.

“ಹನ್ನೊಂದೂ ಬಿಡುಗಡೇನಾ ಮೇಡಂ?” ಎಂದು ಮೆಲ್ಲಗೆ ಕೇಳಿದರು.

“ಒಂದನ್ನೂ ಒಳಗೆ ಉಳಿಸಿಲ್ಲ ರೀ. ಎಲ್ಲಾ ಸೀದಾ ಕಬ್ಬನ್ ಪಾರ್ಕಿಗೆ,” ಎಂದು ಮೇಡಂ ಹೆಮ್ಮೆಯಿಂದ ಹೇಳಿ ಹೋದರು.

ಭಾನುವಾರ ಬೆಳಗಾಗುತ್ತಲೇ ವಾಜಿದ್ ಮೊಲಗಳನ್ನು ಎರಡು ಬುಟ್ಟಿಗೆ ತುಂಬಿ, ಆಟೋದಲ್ಲಿ ಫ್ರೇಜರ್ ಟೌನಿನ ಮನೆಗೆ ಸಾಗಿಸಿ, ತಾರಸಿಯ ಮೇಲೆ ಸುರಿದರು. ಹೆಂಡತಿ ಹಮೀದಾಳ ಪುದೀನ ಕುಂಡಗಳು ಕಾಲು ಗಂಟೆಯಲ್ಲಿ ಬೋಳಾದವು. ಹಮೀದಾ ಗಂಡನ ತಲೆಯ ಬಗ್ಗೆ ಅನುಮಾನಪಟ್ಟಳು. ಆದರೆ ಯುದ್ಧಕ್ಕೆ ಹೊರಟ ವಾಜಿದ್‌ಗೆ ವಿವರಿಸಲು ಪುರುಸೊತ್ತಿರಲಿಲ್ಲ. ಖಾಲಿ ಪಂಜರ ಕಂಡ ವೈರಿ ಮನೆ ಹುಡುಕಿಕೊಂಡು ಬರುವ ಮೊದಲೇ ಅವರ ಬಿಡಾರದಲ್ಲೇ ಮಾತು ಮುಗಿಸಬೇಕೆಂದು ದೊಮ್ಮಲೂರಿಗೆ ಹೊರಟರು.

ಕಾರ್ಡಿನ ಕೆಳಗಿದ್ದ ವಿಳಾಸದ ಸಭಾಂಗಣದಲ್ಲಿ ನಲವತ್ತು ಮಕ್ಕಳು. ವೇದಿಕೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ರಿಬ್ಬನ್ ಕಟ್ಟಿದ ಪೊಟ್ಟಣ. ಈಗ ಬಿಡುಗಡೆ ಎಂದು ಮೈಕು ಸಾರಿದ್ದೇ ತಡ, ತಾರಸಿಯಿಂದಲೂ ಮೊಲ ಎತ್ತಿ ತಂದು ಪೊಟ್ಟಣ ಕಟ್ಟಿದರೇ ಎಂಬ ಅನುಮಾನದಿಂದ ವಾಜಿದ್ ಎದ್ದು ನಿಂತರು.

“ಬೇಡ ಮೇಡಂ. ನನ್ನ ವ್ಯಾಪಾರ ಹಾಳಾಗ್ಲಿ ಬಿಡಿ. ಪಂಜರದಲ್ಲೇ ಹುಟ್ಟಿರೋವು, ಅವಕ್ಕೆ ಓಡೋಕೂ ಬರಲ್ಲ. ಪಾರ್ಕಲ್ಲಿ ಬಿಟ್ರೆ ಸಂಜೆಯೊಳಗೆ ನಾಯಿಗಳು ಮುಗಿಸ್ಬಿಡ್ತವೆ.”

ರಿಬ್ಬನ್ ಬಿಚ್ಚಿದಾಗ ಪುಸ್ತಕ ಹೊರಬಂತು. ವಾಜಿದ್ ಯಾವುದಕ್ಕೂ ಇರಲಿ ಎಂದು ಮೇಜಿನ ಕೆಳಗೂ ಇಣುಕಿದರು. ಅಷ್ಟರಲ್ಲಿ ಮುಂದಿನ ಸಾಲಿನ ಶರ್ವಾಣಿ ಎಂಬ ಪುಟ್ಟ ಹುಡುಗಿ ಎದ್ದಳು.

“ಆಂಟಿ, ಕತೇಲಿರೋ ಮೊಲಗಳನ್ನೂ ನಾಯಿ ತಿಂತಾ?”

ಅಂಬುಜಾ ಮೇಡಂ ಕೊನೆಯ ಪುಟ ನೋಡಿದರು. ಅದರಲ್ಲಿ ಮೊಲಗಳು ಪಾರ್ಕಿನಲ್ಲಿ ಸುಖವಾಗಿದ್ದವು. ಈ ಮನುಷ್ಯನನ್ನು ಯಾರೋ ಬೇಕೆಂದೇ ಕಳಿಸಿದ್ದಾರೆ ಎಂಬ ಅನುಮಾನ ಈಗ ಅವರಿಗೆ ಬಂತು.

“ಹಾಗಾದ್ರೆ ಎಲ್ಲಿ ಬಿಡ್ಬೇಕಿತ್ತು? ನೀವೇ ಹೇಳಿ,” ಎಂದರು.

ನಲವತ್ತು ಮುಖಗಳು ವಾಜಿದ್ ಕಡೆ ತಿರುಗಿದವು.

“ತಾರಸಿ ಮೇಲೆ,” ಎಂದರು. “ಬೆಳಗ್ಗೆ ನಾನೇ ಬಿಟ್ಟು ಬಂದೆ.”

ಮುಖ್ಯ ಅತಿಥಿಗಳ ಭಾಷಣ ಕೇಳಲು ಆಮೇಲೆ ಯಾರೂ ಉಳಿಯಲಿಲ್ಲ. ಮಧ್ಯಾಹ್ನ ಫ್ರೇಜರ್ ಟೌನಿನ ಮನೆಯ ಮೆಟ್ಟಿಲುಗಳ ಮೇಲೆ ಎಂಬತ್ತು ಪುಟ್ಟ ಚಪ್ಪಲಿಗಳು. ಓಡಲು ಬಾರದ ಮೊಲಗಳು ತಾರಸಿಯ ಉದ್ದಕ್ಕೂ ಓಡುತ್ತಿದ್ದವು. ಅವುಗಳನ್ನು ಮತ್ತೆ ಬುಟ್ಟಿಗೆ ತುಂಬಲು ಮಕ್ಕಳು ಬಿಡಲಿಲ್ಲ. ಪುದೀನ ಹೇಗೂ ಹೋಯಿತು, ಇನ್ನು ಇಲ್ಲೇ ಇರಲಿ ಎಂದು ಹಮೀದಾ ಅಪ್ಪಣೆ ಹೊರಡಿಸಿದಳು.

ಅಂಗಡಿಯಲ್ಲಿ ಈಗ ಮೊಲ ಸಿಗುವುದಿಲ್ಲ. ವಾಜಿದ್ ಸಾಹೇಬರು ದಿನಾ ಬೆಳಗ್ಗೆ ತಾರಸಿ ಹತ್ತಿ ಎಣಿಸುತ್ತಾರೆ. ಕಳೆದ ತಿಂಗಳು ಹದಿನೇಳಾಗಿದ್ದವು. ಇಪ್ಪತ್ತಾರು ವರ್ಷ ಮೊಲ ಮಾರಿದವರಿಗೆ ಕಾರಣ ಗೊತ್ತಿಲ್ಲದೆ ಏನಿಲ್ಲ. ಆದರೂ, ಎರಡನೇ ಭಾಗಕ್ಕೆ ಬೇಕೆಂದು ಅಂಬುಜಾ ಮೇಡಂ ಕದ್ದುಮುಚ್ಚಿ ಆರು ಮೊಲ ತಂದು ಸೇರಿಸಿದ್ದಾರೆ ಎಂಬುದೇ ಅವರ ಅನುಮಾನ.