ಮೆಲುಕು ಮೇಷ್ಟ್ರೂ ಅಧ್ಯಕ್ಷರ ಜೊಲ್ಲೂ

ನಮ್ಮ ಕಾಲೇಜಿನ ಜೀವರಸಾಯನಶಾಸ್ತ್ರದ ಮೇಷ್ಟ್ರು ಒಂದು ತುಂಡು ಬ್ರೆಡ್ಡು ಬಾಯಿಗಿಟ್ಟುಕೊಂಡು ಅದನ್ನು ನುಂಗುವಷ್ಟರಲ್ಲಿ ಒಬ್ಬ ಪ್ರಿನ್ಸಿಪಾಲರು ನಿವೃತ್ತರಾಗಿ, ಬೀಳ್ಕೊಡುಗೆಯ ಭಾಷಣಗಳೆಲ್ಲ ಮುಗಿದು, ಹೊಸಬರು ಬಂದು ಕುರ್ಚಿಯ ಎತ್ತರ ಸರಿಮಾಡಿಕೊಂಡಿದ್ದರು ಎಂಬುದು ಕ್ಯಾಂಟೀನಿನಲ್ಲಿ ಚಾಲ್ತಿಯಲ್ಲಿರುವ ಇತಿಹಾಸ. ಇದನ್ನು ಒಪ್ಪದವರೂ ಇದ್ದಾರೆ. ಅದು ಬ್ರೆಡ್ಡಲ್ಲ, ಬಿಸ್ಕತ್ತು ಎಂಬುದು ಅವರ ವಾದ. ಕಿಟಕಿಯಾಚೆ ನಿಂತಿದ್ದ ಹಸುವೊಂದು ಮೇಷ್ಟ್ರು ಅಗಿಯುವ ವೈಖರಿಯನ್ನು ಕಣ್ಣಾರೆ ಕಂಡು, ತನ್ನ ಕುಲವೃತ್ತಿಯ ಬಗ್ಗೆಯೇ ನಾಚಿಕೊಂಡು, ತಲೆ ತಗ್ಗಿಸಿ ನಡೆದುಹೋಯಿತಂತೆ. ಅಂದಿನಿಂದ ಅವರು ಮೆಲುಕು ಮೇಷ್ಟ್ರು. ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿದೆ. ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ.

ಅವರ ಹೆಂಡತಿ ಊರಿನ ದನದ ಡಾಕ್ಟರು. ಆ ತಾಯಿಯ ತೀರ್ಪು ಇನ್ನೂ ಖಡಕ್ಕು: "ನನ್ನ ಪೇಷೆಂಟುಗಳಿಗೆ ನಾಲ್ಕು ಹೊಟ್ಟೆ ಇದ್ರೂ ಇವ್ರಿಗಿಂತ ಬೇಗ ತಿಂದು ಮುಗಿಸ್ತವೆ. ಮದುವೆ ದಿನ ಊಟಕ್ಕೆ ಕೂತೋರು ಇವ್ರು, ಇನ್ನೂ ಎದ್ದಿಲ್ಲ ಅಂತ್ಲೇ ನನಗೆ ಅನುಮಾನ."

ಮೇಷ್ಟ್ರ ಸಾಮ್ರಾಜ್ಯವೆಂದರೆ ಹಿಂದೊಮ್ಮೆ ಸೈಕಲ್ ಸ್ಟ್ಯಾಂಡಾಗಿದ್ದ ಒಂದು ಉದ್ದನೆಯ ಕೋಣೆ. ಅಲ್ಲೊಂದು ಸಿಂಕು, ಅದರ ನಲ್ಲಿಗೆ ಸದಾ ನೆಗಡಿ. ಒಂದು ಫ್ರಿಜ್ಜು, ಅದರ ಬಾಗಿಲಿಗೆ ಬಟ್ಟೆಯ ಸೊಂಟಪಟ್ಟಿ. ಒಂದು ಸೆಂಟ್ರಿಫ್ಯೂಜು ಉಂಟು. ಅದು ತಿರುಗಲು ಶುರುಮಾಡಿದರೆ ಮೇಜೇ ಹೊರಟುಬಿಡುತ್ತದಾದ್ದರಿಂದ ಇಬ್ಬರು ವಿದ್ಯಾರ್ಥಿಗಳು ಎರಡು ಕಡೆ ಹಿಡಿದು ನಿಲ್ಲಬೇಕು. ಇಷ್ಟು ಸೇನೆ ಕಟ್ಟಿಕೊಂಡು ಮೇಷ್ಟ್ರು ಮಕ್ಕಳಿಗೆ ಜೀವಕೋಶದೊಳಗಿನ ಬ್ರಹ್ಮಾಂಡವನ್ನೇ ತೋರಿಸುತ್ತಿದ್ದರು. ಸಿಟ್ರಿಕ್ ಆಮ್ಲದ ಚಕ್ರ ಎಂದರೆ ಬೇರೆ ಕಡೆ ಮಕ್ಕಳು ತಲೆ ತಿರುಗಿ ಬೀಳುತ್ತಾರೆ. ಇವರು ಹೇಳುವುದು ಹೀಗೆ: "ಅದು ಊರು ಸುತ್ತೋ ಸಿಟಿ ಬಸ್ಸು ಕಣ್ರೋ. ಹತ್ತೋರು ಹತ್ತುತಾರೆ, ಇಳಿಯೋರು ಹೊಗೆಯಾಗಿ ಇಳೀತಾರೆ, ಬಸ್ಸು ಹೊರಟಲ್ಲಿಗೇ ಬಂದು ನಿಲ್ಲುತ್ತೆ. ಟಿಕೆಟ್ ದುಡ್ಡು ಮಾತ್ರ ನಿಮ್ಮ ಜೇಬಿಗೆ. ಆ ದುಡ್ಡಿಗೇ ಶಕ್ತಿ ಅಂತ ಹೆಸರು."

"ಸರ್, ಕಂಡಕ್ಟರ್ ಯಾರು?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳುತ್ತಿದ್ದಳು. ಸದಾ ಏನಾದರೂ ಕೇಳುತ್ತಲೇ ಇರುವ ಅವಳಿಗೆ ಪ್ರಶ್ನೆಪುಟ್ಟಿ ಎಂದೇ ಹೆಸರು.

"ಕಿಣ್ವ ಕಣಮ್ಮ. ಕೆಲಸವೆಲ್ಲ ಮಾಡಿಸ್ತಾನೆ, ತಾನು ಮಾತ್ರ ಹಾಗೇ ಇರ್ತಾನೆ."

ಇಂಥ ಸಾಮ್ರಾಜ್ಯಕ್ಕೆ ಕುತ್ತು ಬಂತು. ಇಷ್ಟು ಕಡಿಮೆ ಮಕ್ಕಳಿಗೆ ಒಂದು ಪ್ರತ್ಯೇಕ ವಿಭಾಗ ಯಾಕೆ, ಮುಚ್ಚಿಬಿಡೋಣ ಎಂದು ಮೇಲಿನವರಿಗೆ ಅನ್ನಿಸಿತು. ಮುಚ್ಚಿದರೆ ಮಕ್ಕಳು ನಡುವರ್ಷದಲ್ಲಿ ಬೇರೆ ಊರಿನ ಕಾಲೇಜು ಹುಡುಕಬೇಕು, ಮೇಷ್ಟ್ರು ಮನೆಯ ದಾರಿ ಹಿಡಿಯಬೇಕು. ಪ್ರಿನ್ಸಿಪಾಲರು ಕಾಡಿ ಬೇಡಿ ಒಂದು ಅವಕಾಶ ಗಿಟ್ಟಿಸಿದರು. ಸಮಿತಿ ಬಂದು ನೋಡುತ್ತದೆ. ಪ್ರಯೋಗಾಲಯದಲ್ಲಿ ನಿಜವಾಗಿ ಪ್ರಯೋಗ ನಡೆಯುತ್ತದೆ ಎಂದು ಕಣ್ಣಿಗೆ ಕಂಡರೆ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಬೀಗ.

ಮೇಷ್ಟ್ರು ಆರಿಸಿದ್ದು ಸರಳವಾದ ಪ್ರಯೋಗ. ಗಂಜಿಗೆ ಅಯೋಡಿನ್ ಹಾಕಿದರೆ ಕಡುನೀಲಿಯಾಗುತ್ತದೆ. ಅದಕ್ಕೆ ಬಾಯಿಯ ಜೊಲ್ಲು ಬೆರೆಸಿ ಮೈಬಿಸಿಯಲ್ಲಿ ಇಟ್ಟರೆ ಜೊಲ್ಲಿನ ಕಿಣ್ವ ಗಂಜಿಯಲ್ಲಿರುವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ, ನೀಲಿ ಮಾಯವಾಗುತ್ತದೆ. ಬೆಳಗ್ಗೆಯೇ ಮಕ್ಕಳು ತಮ್ಮ ತಮ್ಮ ಜೊಲ್ಲನ್ನು ಕೊಳವೆಗಳಲ್ಲಿ ತುಂಬಿ, ಚೀಟಿ ಅಂಟಿಸಿ, ಸಾಲಾಗಿ ನಿಲ್ಲಿಸಿದರು.

ಆಗ ಪ್ರಿನ್ಸಿಪಾಲರು ತಪಾಸಣೆಗೆ ಬಂದರು. ಅವರು ವಾಣಿಜ್ಯಶಾಸ್ತ್ರದವರು, ಶುಚಿತ್ವದಲ್ಲಿ ಪ್ರಚಂಡರು. ಚೀಟಿ ಓದಿ ಹೌಹಾರಿದರು. ಲ್ಯಾಬಿನ ಅಕ್ಕ ಗಾಜು ತೊಳೆಯುತ್ತಿದ್ದಳು.

"ಏನಮ್ಮಾ ಇದು? ಸಮಿತಿಯವರ ಮುಂದೆ ಎಂಜಲು ಇಡ್ತೀರಾ?"

"ಅದೇ ಸಾರ್ ಪ್ರಯೋಗ."

"ಪ್ರಯೋಗ ಇರ್ಲಿ, ಶುದ್ಧವಾಗಿರ್ಲಿ. ಎಲ್ಲಾನೂ ಚೆನ್ನಾಗಿ ಕುದಿಸಿ ಇಡಿ."

"ಮೇಷ್ಟ್ರನ್ನ ಒಂದು ಮಾತು ಕೇಳಿ..."

"ಅವರು ಟಿಫಿನ್ ಬಾಕ್ಸ್ ತೆಗೆದಿದಾರೆ. ಉತ್ತರ ಬರೋಷ್ಟರಲ್ಲಿ ಸಮಿತಿ ಬಂದು ಹೋಗಿರುತ್ತೆ!"

ಅಕ್ಕ ಕುದಿಸಿದಳು. ಕುದಿಸಿದರೆ ಕಿಣ್ವ ಸಾಯುತ್ತದೆ. ಕಾಲೇಜಿನ ಮುಖ್ಯಸ್ಥರ ಅಪ್ಪಣೆಯ ಮೇರೆಗೆ ಒಂದು ಇಡೀ ತರಗತಿಯ ಜೊಲ್ಲು ಹೀಗೆ ವೀರಮರಣ ಹೊಂದಿತು.

ಸಮಿತಿ ಬಂತು. ಅಧ್ಯಕ್ಷರು ನಿವೃತ್ತ ಪ್ರೊಫೆಸರು. ಅವರ ಮುಖದಲ್ಲಿ ನಗು ಎಂಬುದು ಎಷ್ಟೋ ವರ್ಷದಿಂದ ಗೈರುಹಾಜರು. ಜೊತೆಗೆ ಒಬ್ಬ ಸದಸ್ಯೆ, ಅವರು ಮಾತ್ರ ನಗಲು ಒಂದು ನೆಪ ಸಿಕ್ಕೀತೇ ಎಂದು ಕಾಯುತ್ತಿದ್ದಂತಿತ್ತು. ಮಕ್ಕಳು ಗಂಜಿಗೆ ಅಯೋಡಿನ್ ಬಿಟ್ಟರು. ನೀಲಿ. ಜೊಲ್ಲು ಬೆರೆಸಿದರು. ನೀಲಿ. ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕಾದರು. ಆಕಾಶ ಬೇಕಾದರೆ ಬಣ್ಣ ಬಿಟ್ಟೀತು, ಆ ಕೊಳವೆಗಳು ಬಿಡಲೊಲ್ಲವು.

"ಇನ್ನೂ ಎಷ್ಟು ಹೊತ್ತು?" ಎಂದರು ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆಯುತ್ತ.

ಮೇಷ್ಟ್ರು ಒಂದು ಕೊಳವೆ ಎತ್ತಿ ಬೆಳಕಿಗೆ ಹಿಡಿದು, ಅಕ್ಕನ ಕಡೆ ನೋಡಿದರು. ಅಕ್ಕ ಪ್ರಿನ್ಸಿಪಾಲರ ಕಡೆ ನೋಡಿದಳು. ಪ್ರಿನ್ಸಿಪಾಲರು ಫ್ಯಾನಿನ ಕಡೆ ನೋಡಿದರು.

"ಕುದಿಸಿದ್ರಾ?"

"ಶುಚಿಯಾಗಿರ್ಲಿ ಅಂತ..." ಎಂದರು ಪ್ರಿನ್ಸಿಪಾಲರು ಫ್ಯಾನಿಗೆ.

ಮೇಷ್ಟ್ರು ಸಿಟ್ಟಾಗಲಿಲ್ಲ. ಆ ಕೊಳವೆಯನ್ನು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿಟ್ಟರು. "ಸರ್, ಇದು ಸತ್ತ ಕಿಣ್ವ. ಕುದಿಸಿದ್ರೆ ಹೀಗಾಗುತ್ತೆ. ಇಲ್ಲೇ ಇರ್ಲಿ, ಹೋಲಿಸೋಕೆ ಬೇಕು. ಮಕ್ಕಳೇ, ಹೊಸ ಜೊಲ್ಲು ಕೊಡಿ."

ಅಲ್ಲಿತ್ತು ನಿಜವಾದ ಸಂಕಟ. ಭಯಕ್ಕೆ ಮಕ್ಕಳ ಬಾಯಿ ಬೇಸಿಗೆಯ ಬಾವಿಯಾಗಿತ್ತು. ಕೆನ್ನೆ ಒಳಗೆ ಎಳೆದುಕೊಂಡರು, ನಾಲಿಗೆ ತಿರುವಿದರು, ಒಬ್ಬ ಕೆಮ್ಮಿದ. ಹನಿಯೂ ಇಲ್ಲ.

"ಸರ್, ಬರ್ತಾನೇ ಇಲ್ಲ. ಯಾಕೆ ಸರ್?" ಎಂದಳು ಪ್ರಶ್ನೆಪುಟ್ಟಿ, ಆ ಗಳಿಗೆಯಲ್ಲೂ.

ಮೇಷ್ಟ್ರು ಒಂದು ಸ್ಟೂಲು ಎಳೆದುಕೊಂಡು ಕೂತರು. ತಾವು ಅಗಿಯುವಷ್ಟೇ ನಿಧಾನವಾಗಿ ಮಾತು ಶುರುಮಾಡಿದರು.

"ಒಂದು ನಿಂಬೆಹಣ್ಣು ಅಂದ್ಕೊಳ್ಳಿ. ಇನ್ನೂ ಸ್ವಲ್ಪ ಹಸಿರು. ಅಂಗೈಯಲ್ಲಿಟ್ಟು ಮೇಜಿನ ಮೇಲೆ ಉರುಳಿಸ್ತೀರಿ, ಮೆತ್ತಗಾಗುತ್ತೆ. ಚಾಕು ಇಡ್ತೀರಿ. ಚುಳ್ ಅಂತ ಒಂದು ಹನಿ ಹಾರಿ ತುಟಿಗೆ ಬೀಳುತ್ತೆ. ಒರೆಸಿಕೊಳ್ಳಬೇಡಿ. ಅರ್ಧ ಹೋಳಿನ ಮೇಲೆ ಉಪ್ಪು ಉದುರಿಸ್ತೀರಿ, ಅದು ರಸದಲ್ಲಿ ಮೆಲ್ಲಗೆ ಕರಗುತ್ತೆ. ಈಗ ಆ ಹೋಳನ್ನ ನಾಲಿಗೆ ಹತ್ರ ತರ್ತೀರಿ. ಇನ್ನೂ ಮುಟ್ಟಿಸಿಲ್ಲ..."

ಕೋಣೆ ಮೌನವಾಯಿತು. ಆ ಮೌನದಲ್ಲಿ 'ಗುಟುಕ್' ಎಂಬ ಸದ್ದೊಂದು ಸ್ಪಷ್ಟವಾಗಿ ಕೇಳಿತು. ಅದು ಮಕ್ಕಳ ಕಡೆಯಿಂದ ಬಂದದ್ದಲ್ಲ, ಅಧ್ಯಕ್ಷರ ಗಂಟಲಿನಿಂದ.

"ಸರ್! ನುಂಗಬೇಡಿ!" ಮೇಷ್ಟ್ರು ತಮ್ಮ ಜೀವಮಾನದಲ್ಲೇ ಮೊದಲ ಬಾರಿ ಚುರುಕಾಗಿ ಎದ್ದರು. "ಅದು ನಮ್ಮ ವಿಭಾಗದ ಆಸ್ತಿ!"

"ಏನ್ರೀ ಇದು, ನಾನು ಅಧ್ಯಕ್ಷ!" ಎನ್ನಲು ಅಧ್ಯಕ್ಷರು ಬಾಯಿ ತೆರೆದರು. ಬಾಯಲ್ಲಿ ನೀರು ತುಂಬಿದ್ದರಿಂದ ಅದು ಹಸುಗೂಸಿನ ಭಾಷೆಯಲ್ಲಿ ಹೊರಬಂತು.

"ಉಗೀರಿ ಸರ್, ವಿಜ್ಞಾನಕ್ಕೋಸ್ಕರ!" ಎಂದು ಸದಸ್ಯೆ ಕೊಳವೆ ಹಿಡಿದೇಬಿಟ್ಟರು. ಅವರಿಗೆ ನೆಪ ಸಿಕ್ಕಿತ್ತು.

ಅಧ್ಯಕ್ಷರು ಸುತ್ತ ನೋಡಿ, ಕಣ್ಣು ಮುಚ್ಚಿ, ದಾನ ಮಾಡಿದರು. ಮೇಷ್ಟ್ರು ಅದನ್ನು ನೀಲಿ ಗಂಜಿಗೆ ಬೆರೆಸಿ ಅವರ ಮುಷ್ಟಿಯಲ್ಲೇ ಇಟ್ಟರು. "ಬಿಗಿಯಾಗಿ ಹಿಡ್ಕೊಳ್ಳಿ ಸರ್, ನಿಮ್ಮ ಮೈಬಿಸೀನೇ ಸಾಕು." ಕಾಯುವ ಹೊತ್ತಿಗೆ ಬೇಸರವಾಗದಿರಲಿ ಎಂದು ತಮ್ಮ ಡಬ್ಬಿಯ ಬ್ರೆಡ್ಡನ್ನು ಮುರಿದು ಎಲ್ಲರಿಗೂ ಹಂಚಿದರು. "ಅಗೀರಿ. ನುಂಗಬೇಡಿ. ಸಿಹಿಯಾಗೋ ತನಕ ಅಗೀರಿ."

ಹಾಗೆ ಒಂದು ಘನ ಸಮಿತಿ, ಒಂದು ತರಗತಿ ಮತ್ತು ಒಬ್ಬ ಪಶ್ಚಾತ್ತಾಪದ ಪ್ರಿನ್ಸಿಪಾಲರು ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಒಟ್ಟಿಗೆ ಮೆಲುಕು ಹಾಕಿದರು.

"ಸಿಹಿ ಆಯ್ತು ಸರ್!" ಎಂದು ಮೊದಲು ಕೂಗಿದ್ದು ಪ್ರಶ್ನೆಪುಟ್ಟಿ. ಅವಳ ಬಾಯಿಂದ ಪ್ರಶ್ನೆಯಲ್ಲದ ಮಾತು ಕೇಳಿ ಗೆಳತಿಯರೇ ತಿರುಗಿ ನೋಡಿದರು.

ಅಧ್ಯಕ್ಷರು ಮುಷ್ಟಿ ಬಿಚ್ಚಿದರು. ಕೊಳವೆಯಲ್ಲಿ ನೀಲಿಯ ಸುಳಿವಿರಲಿಲ್ಲ, ತಿಳಿಯಾದ ಹಳದಿ ನೀರು. ಎತ್ತರದಲ್ಲಿಟ್ಟಿದ್ದ, ಕುದಿಸಿದ ಜೊಲ್ಲಿನ ಕೊಳವೆ ಹಾಗೇ ನೀಲಿ ಮುಖ ಹೊತ್ತು ನಿಂತಿತ್ತು. ಅವರು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ತಮ್ಮದನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು, ತೊಟ್ಟಿಲಲ್ಲಿ ಮೊಮ್ಮಗನನ್ನು ನೋಡುವ ಹಾಗೆ. ಗೈರುಹಾಜರಾಗಿದ್ದ ನಗು ಹಾಜರಿ ಹಾಕಿತು.

"ವಿಭಾಗ ಮುಚ್ಚೋ ಮಾತೇ ಇಲ್ಲ" ಎಂದರು. ಮಕ್ಕಳ ಕೂಗಿಗೆ ಫ್ರಿಜ್ಜಿನ ಸೊಂಟಪಟ್ಟಿ ಬಿಚ್ಚಿಕೊಂಡಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪ್ರಿನ್ಸಿಪಾಲರು ಇನ್ನು ಮುಂದೆ ಟೀ ಬಿಟ್ಟು ಬೇರೇನನ್ನೂ ಕುದಿಸುವುದಿಲ್ಲ ಎಂದು ಯಾರೂ ಕೇಳದಿದ್ದರೂ ಮಾತು ಕೊಟ್ಟರು.

ಹೊರಡುವಾಗ ಅಧ್ಯಕ್ಷರು ಮೇಷ್ಟ್ರ ಕೈ ಹಿಡಿದುಕೊಂಡರು. ಅವರ ಗಂಟಲು ತುಂಬಿತ್ತು, ಈ ಸಲ ಜೊಲ್ಲಿನಿಂದಲ್ಲ.

"ಮೇಷ್ಟ್ರೇ, ನಿಮ್ಮ ಅಗಿಯೋ ಕಥೆ ದಾರಿಯಲ್ಲೇ ಕೇಳಿದ್ದೆ, ತಮಾಷೆ ಅಂದ್ಕೊಂಡಿದ್ದೆ. ಈಗ ಅರ್ಥ ಆಯ್ತು. ಒಂದೊಂದು ತುತ್ತಲ್ಲೂ ಪಿಷ್ಟ ಸಕ್ಕರೆಯಾಗೋ ಆ ಕ್ಷಣಕ್ಕೆ ಕಾದು ಕೂತಿದೀರಿ. ಇದು ತಪಸ್ಸು! ವರದೀಲಿ ಬರೀತೀನಿ. ಹೇಳಿ, ಅದಕ್ಕೇ ತಾನೇ ಅಷ್ಟು ನಿಧಾನ?"

ಮೇಷ್ಟ್ರು ಬಾಯಲ್ಲಿದ್ದ ಬ್ರೆಡ್ಡನ್ನು ಅಗಿದರು. ಎಲ್ಲರೂ ಕಾದರು. ಕೊನೆಗೆ ನುಂಗಿದರು.

"ಇಲ್ಲ ಸರ್. ಬೇಗ ತಿಂದ್ರೆ ನನಗೆ ಬಿಕ್ಕಳಿಕೆ ಬರುತ್ತೆ."